ದಿಲ್ಲಿಯ ಸದನಕ್ಕೆ ಕನ್ನಡ ಹೋದ ದಾರಿ

ಲೋಕಸಭೆಯ ಹಳೆಯ ಚರ್ಚೆಗಳ ಸಂಪುಟ ತಿರುವಿ ಹಾಕುತ್ತಿದ್ದರೆ ಅಲ್ಲಲ್ಲಿ ಒಂದು ಪುಟ್ಟ ನಕ್ಷತ್ರದ ಗುರುತು ಕಣ್ಣಿಗೆ ಬೀಳುತ್ತದೆ. ಪುಟದ ಕೆಳಗೆ ಅದಕ್ಕೊಂದು ವಿವರಣೆ ಇರುತ್ತದೆ: ಮೂಲ ಭಾಷಣವನ್ನು ಇಂಥ ಭಾಷೆಯಲ್ಲಿ ಮಾಡಲಾಯಿತು. ತಮಿಳು, ಬಂಗಾಳಿ, ಮಲಯಾಳಂ, ಕೆಲವೊಮ್ಮೆ ಕನ್ನಡ. ಮೇಲೆ ಅಚ್ಚಾಗಿರುವುದು ಅದರ ಅನುವಾದ. ಸದಸ್ಯರು ಬಾಯಿಬಿಟ್ಟು ಆಡಿದ ಮಾತು ಅಲ್ಲಿಲ್ಲ.

ಆ ಗುರುತು ಕನ್ನಡಕ್ಕೂ ಸಿಕ್ಕಿದ್ದು ಹೇಗೆ ಎಂದು ಹುಡುಕುತ್ತಾ ಹೋದರೆ ದಾರಿ ಚನ್ನಗಿರಿ ತಾಲೂಕಿನ ಕಾರಿಗನೂರು ಎಂಬ ಹಳ್ಳಿಗೆ ಬಂದು ನಿಲ್ಲುತ್ತದೆ. ಆ ಊರಿನ ಜಯದೇವಪ್ಪ ಹಾಲಪ್ಪ ಪಟೇಲ್ 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಗೆದ್ದು ದಿಲ್ಲಿಗೆ ಹೋದರು. ಅಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ ಮೊದಲಿಗರು ಎಂದು ಇವತ್ತಿಗೂ ಅವರನ್ನು ನೆನೆಯುತ್ತೇವೆ. ಆಮೇಲೆ ಮುಖ್ಯಮಂತ್ರಿಯಾದ ಜೆ.ಎಚ್. ಪಟೇಲರು ಇವರೇ.

ಈ ಸಂಗತಿ ಪ್ರಶ್ನೋತ್ತರದ ಪುಸ್ತಕಗಳಲ್ಲಿ ಒಂದು ಸಾಲಾಗಿ ಬರುತ್ತದೆ. ಪರೀಕ್ಷೆಗೆ ಓದುವ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ಅದು ಯಾಕೆ ಅಷ್ಟು ದೊಡ್ಡ ಮಾತಾಯಿತು? ದೇಶ ಸ್ವತಂತ್ರವಾಗಿ 20 ವರ್ಷ ಆಗಿತ್ತು. ಸಂವಿಧಾನ ಒಪ್ಪಿದ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಮೊದಲಿಂದಲೂ ಇತ್ತು. ಹಾಗಿದ್ದೂ ಕನ್ನಡದವರು ಆರಿಸಿ ಕಳಿಸಿದ ಸಂಸದ ಕನ್ನಡದಲ್ಲಿ ಮಾತಾಡಿದ್ದು ಸುದ್ದಿಯಾಗಬೇಕಾದರೆ ಅದಕ್ಕೊಂದು ಹಿನ್ನೆಲೆ ಇರಲೇಬೇಕು, ಅಲ್ವಾ?

ಆ ಹಿನ್ನೆಲೆ ಸಂವಿಧಾನದ 120ನೇ ವಿಧಿಯಲ್ಲಿದೆ. ಸಂಸತ್ತಿನ ಕಲಾಪ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕು ಎಂದು ಅದು ಹೇಳುತ್ತದೆ. ಅದರ ಹಿಂದೆಯೇ ಒಂದು ವಿನಾಯಿತಿ ಬರುತ್ತದೆ. ಈ ಎರಡರಲ್ಲೂ ತನ್ನ ಮಾತನ್ನು ಸರಿಯಾಗಿ ಹೇಳಲಾಗದ ಸದಸ್ಯನಿಗೆ ತಾಯ್ನುಡಿಯಲ್ಲಿ ಮಾತಾಡಲು ಸ್ಪೀಕರ್ ಅನುಮತಿ ಕೊಡಬಹುದು. ಈ ಸಾಲನ್ನು ಎರಡು ಸಲ ಓದಬೇಕು. ತಾಯ್ನುಡಿಯಲ್ಲಿ ಮಾತಾಡುವುದು ಇಲ್ಲಿ ಹಕ್ಕಾಗಿ ಬಂದಿಲ್ಲ. ಬೇರೆ ಭಾಷೆ ಬಾರದವನಿಗೆ ತೋರಿಸುವ ರಿಯಾಯಿತಿಯಾಗಿ ಬಂದಿದೆ. ‘ನನಗೆ ಬರಲ್ಲ’ ಎಂದು ಮೊದಲು ಒಪ್ಪಿಕೊಳ್ಳಬೇಕು. ಆಮೇಲೆ ಕೇಳಬೇಕು.

ಹಳ್ಳಿಯಿಂದ ಹೋದ ಸಂಸದನ ಪಾಲಿಗೆ ಇದು ಎಂಥ ಮುಜುಗರ ಎಂದು ಯೋಚಿಸಿ. ತನ್ನ ಊರಿನ ಕಟ್ಟೆಯ ಮೇಲೆ, ಸಂತೆಯಲ್ಲಿ, ಪಂಚಾಯಿತಿಯಲ್ಲಿ ಮಾತಿನಿಂದಲೇ ಗೆದ್ದವನು. ಅಲ್ಲಿ ಹೋಗಿ ತನಗೆ ಭಾಷೆ ಬರುವುದಿಲ್ಲ ಎಂದು ಹೇಳಿಕೊಳ್ಳಬೇಕು. ಇಲ್ಲವೇ ಅರ್ಧಂಬರ್ಧ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಓದಿ ಕೂರಬೇಕು. ಅದೂ ಇಲ್ಲದಿದ್ದರೆ ಸುಮ್ನೆ ಕೂರಬೇಕು. ಐದು ವರ್ಷ ಬಾಯಿ ತೆರೆಯದ ಸಂಸದರ ಬಗ್ಗೆ ನಾವು ಬೇಜಾರಿನಿಂದ ಮಾತಾಡುತ್ತೇವೆ. ಅವರಲ್ಲಿ ಎಷ್ಟು ಮಂದಿಗೆ ಹೇಳಲು ಏನೂ ಇರಲಿಲ್ಲ, ಎಷ್ಟು ಮಂದಿಗೆ ಹೇಳಲು ಭಾಷೆ ಸಿಗಲಿಲ್ಲ ಎಂದು ಕೇಳಿಕೊಳ್ಳುವುದಿಲ್ಲ.

ಪಟೇಲರ ವಿಷಯ ಬೇರೆಯಾಗುವುದು ಇಲ್ಲೇ. ಅವರು ಕಾನೂನು ಓದಿದವರು. ಇಂಗ್ಲಿಷ್ ಅವರಿಗೆ ಬರುತ್ತಿತ್ತು. ವಿಧಿಯ ಅಕ್ಷರ ಹಿಡಿದು ನೋಡಿದರೆ ಆ ರಿಯಾಯಿತಿ ಅವರಿಗೆ ಸಲ್ಲುತ್ತಲೇ ಇರಲಿಲ್ಲ. ಬೇರೆ ಭಾಷೆ ಬರುತ್ತದೆ, ಆದರೂ ನನ್ನ ಜನ ಕಳಿಸಿದ್ದು ಈ ಭಾಷೆಯಲ್ಲಿ, ಹಾಗಾಗಿ ಇದರಲ್ಲೇ ಹೇಳುತ್ತೇನೆ ಎಂಬ ನಿಲುವು ಅದು. ರಿಯಾಯಿತಿಯನ್ನು ಹಕ್ಕು ಎಂಬಂತೆ ಕೈಗೆತ್ತಿಕೊಂಡರು. ನನ್ನ ಮಟ್ಟಿಗೆ ಪಟೇಲರ ರಾಜಕೀಯ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. ಮುಖ್ಯಮಂತ್ರಿ ಪದವಿಯೂ ಇದರ ಮುಂದೆ ಸಣ್ಣದು.

ಆ ಧೈರ್ಯ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಶಿವಮೊಗ್ಗದ ಮಣ್ಣನ್ನು ಸ್ವಲ್ಪ ಕೆದಕಬೇಕು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಗೇಣಿ ಭತ್ತ ಅಳೆಯುವ ಕೊಳಗದಿಂದ ಅದು ಶುರುವಾಯಿತು. ಜಮೀನಿನ ಒಡೆಯರ ಮನೆಯ ಕೊಳಗ ಅಳತೆಗಿಂತ ದೊಡ್ಡದಿತ್ತು. ಬೆಳೆದವನು ಕೊಡುವಾಗ ಆ ದೊಡ್ಡ ಕೊಳಗದಲ್ಲಿ ಅಳೆದು ಕೊಡಬೇಕಿತ್ತು. ಎಚ್. ಗಣಪತಿಯಪ್ಪ ಗೇಣಿದಾರರನ್ನು ಒಟ್ಟುಗೂಡಿಸಿದರು. ಸೋಷಲಿಸ್ಟರು ಜೊತೆಗೆ ನಿಂತರು. ಅವರ ನಾಯಕ ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಆರಗದ ಶಾಂತವೇರಿ ಗೋಪಾಲಗೌಡರು ಆ ಹೋರಾಟದಲ್ಲಿ ಬೆಳೆದು, 1952ರಲ್ಲಿ ಶಾಸಕರಾದರು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಿಡಬೇಕು ಎಂದು ಸದನದ ಒಳಗೂ ಹೊರಗೂ ದನಿ ಎತ್ತಿದವರಲ್ಲಿ ಅವರು ಮುಂಚೂಣಿಯಲ್ಲಿದ್ದರು.

ಪಟೇಲರು ಹುಟ್ಟಿದ್ದು 1930ರ ಅಕ್ಟೋಬರ್ 1ರಂದು. ಹೆಸರಲ್ಲೇ ಪಟೇಲಿಕೆ ಇದೆ. ಕಂದಾಯ ವಸೂಲಿಯ, ಊರ ಯಜಮಾನಿಕೆಯ ಹೆಸರು ಅದು. ಅಂಥ ಹೆಸರು ಹೊತ್ತವರು ಗೇಣಿದಾರರ ಪಕ್ಷ ಕಟ್ಟಿದವರ ಜೊತೆ ಸೇರಿದರು. ಲೋಹಿಯಾರನ್ನು ಓದಿದರು, ಗೋಪಾಲಗೌಡರ ಹಾದಿಯಲ್ಲಿ ನಡೆದರು. ಆ ಕಾಲದ ಶಿವಮೊಗ್ಗ ಜಿಲ್ಲೆ ಸೋಷಲಿಸ್ಟರ ಗರಡಿಮನೆ ಇದ್ದ ಹಾಗೆ ಇತ್ತು. ಎಸ್. ಬಂಗಾರಪ್ಪ ಅವರೂ ಅದೇ ಗರಡಿಯಿಂದ ಬಂದವರು. ಮುಂದೆ ಅವರೂ ಮುಖ್ಯಮಂತ್ರಿಯಾದರು.

ಕೊಳಗದ ಮಾತನ್ನು ಬೇಕೆಂದೇ ತಂದೆ. ಕೊಳಗ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತೀರಿ? ಒಂದು ಅಳತೆಯ ಪಾತ್ರೆ ಎಂದು ಹೇಳಬಹುದು. ಆದರೆ ಸಾಗರದ ರೈತನಿಗೆ ಅದು ಬರೀ ಪಾತ್ರೆ ಅಲ್ಲ. ವರ್ಷವಿಡೀ ಬೆವರು ಸುರಿಸಿ ಬೆಳೆದಿದ್ದು ಕಣ್ಣೆದುರೇ ಹೆಚ್ಚುವರಿಯಾಗಿ ಅಳೆದು ಹೋಗುವ ನೋವು ಅದರಲ್ಲಿ ತುಂಬಿದೆ. ಗೇಣಿ, ಬಗರ್‌ಹುಕುಂ, ಸೊಪ್ಪಿನಬೆಟ್ಟ, ಕಾನು, ಮುಳುಗಡೆ. ಮಲೆನಾಡಿನ ರೈತನ ಬದುಕು ಈ ಮಾತುಗಳಲ್ಲಿ ನಿಂತಿದೆ. ಇವನ್ನು ಬೇರೆ ಭಾಷೆಗೆ ಹಾಕಿದ ತಕ್ಷಣ ಕಡತದ ಮಾತಾಗುತ್ತವೆ.

ಮುಳುಗಡೆ ಎಂದೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಇಡೀ ರಾಜ್ಯಕ್ಕೆ ಕರೆಂಟು ಬಂತು. ಕಣಿವೆಯ ಹಳ್ಳಿಗಳು ನೀರಿನಡಿ ಹೋದವು. ಎದ್ದು ಬಂದ ಕುಟುಂಬಗಳನ್ನು ಬೇರೆ ಕಡೆ ಕಾಡಿನ ಜಾಗದಲ್ಲಿ ಕೂರಿಸಿದರು. ಎಷ್ಟೋ ಮನೆಗಳಿಗೆ ಆ ಜಾಗದ ಹಕ್ಕುಪತ್ರದ ತಕರಾರು ಇನ್ನೂ ಮುಗಿದಿಲ್ಲ. 1967ರಲ್ಲಿ ಶಿವಮೊಗ್ಗದಿಂದ ಹೋಗುವ ಯಾವ ಸಂಸದನ ಹೆಗಲ ಮೇಲೂ ಈ ಭಾರ ಇತ್ತು. ಅದರ ಜೊತೆಗೆ ಭದ್ರಾ ನಾಲೆ, ಅಡಿಕೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ.

ಇಷ್ಟೆಲ್ಲಾ ಭಾರ ಹೊತ್ತು ಹೋದ ಸಂಸದನ ಕೈಯಲ್ಲಿ ಏನಿತ್ತು? ಬಹಳ ಕಡಿಮೆ. ಸಂಸದರ ಸಂಬಳದ ಕಾಯ್ದೆ ಬಂದಿದ್ದು 1954ರಲ್ಲಿ. ಆಗ ತಿಂಗಳಿಗೆ 400 ರೂಪಾಯಿ. 1964ರಲ್ಲಿ ಅದು 500 ಆಯಿತು. ಪಟೇಲರು ಹೋದಾಗ ಇದ್ದಿದ್ದು ಆ 500. ಅಧಿವೇಶನ ಇದ್ದ ದಿನಗಳಿಗೆ ದಿನಭತ್ಯೆ, ಓಡಾಡಲು ರೈಲ್ವೆ ಪಾಸು. ಪಿಂಚಣಿ ಬಂದಿದ್ದು 1976ರಲ್ಲಿ, ಅಂದರೆ ಅವರ ಅವಧಿ ಮುಗಿದ ಮೇಲೆ. ಕ್ಷೇತ್ರಕ್ಕೆ ಖರ್ಚು ಮಾಡಲು ಸಂಸದರ ನಿಧಿ ಎಂಬುದು ಇರಲೇ ಇಲ್ಲ. ಒಂದು ಬಸ್ ನಿಲ್ದಾಣ ಕಟ್ಟಿಸುವ ಶಕ್ತಿಯೂ ಸಂಸದನಿಗೆ ಇರಲಿಲ್ಲ. ಪ್ರಶ್ನೆ ಕೇಳಬಹುದು, ಮಂತ್ರಿಗೆ ಪತ್ರ ಬರೆಯಬಹುದು, ಸದನದಲ್ಲಿ ಮಾತಾಡಬಹುದು. ಅಷ್ಟೇ. ಅವನ ಬಂಡವಾಳವೆಲ್ಲ ಮಾತು. ಹಾಗಾಗಿ ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬ ಪ್ರಶ್ನೆ ಅವನಿಗೆ ಜೀವದ ಪ್ರಶ್ನೆಯೇ ಆಗಿತ್ತು.

ಮಾತಿಗೆ ಎಂಥ ಬಲ ಇತ್ತು ಎಂಬುದನ್ನು ಲೋಹಿಯಾ ಆಗಲೇ ತೋರಿಸಿದ್ದರು. 1963ರಲ್ಲಿ ಉಪಚುನಾವಣೆ ಗೆದ್ದು ಲೋಕಸಭೆಗೆ ಬಂದ ಅವರು ನೆಹರೂ ಸರ್ಕಾರದ ಮುಂದೆ ಒಂದು ಲೆಕ್ಕ ಇಟ್ಟರು. ದೇಶದ 27 ಕೋಟಿ ಜನ ದಿನಕ್ಕೆ 3 ಆಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ಸರ್ಕಾರದ ಕಡೆಯಿಂದ 15 ಆಣೆ ಎಂಬ ಉತ್ತರ ಬಂತು. 3 ಆಣೆಯೋ 15 ಆಣೆಯೋ ಎಂಬ ಆ ಜಗಳ ಸದನದ ಗೋಡೆ ದಾಟಿ ಬೀದಿಗೆ ಬಂತು. ಆಣೆಯ ಲೆಕ್ಕ ಎಲ್ಲರಿಗೂ ಗೊತ್ತಿತ್ತಲ್ಲ. ರಾಷ್ಟ್ರೀಯ ತಲಾದಾಯ ಎಂದು ಹೇಳಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಆದರೆ ದಕ್ಷಿಣದ ಸೋಷಲಿಸ್ಟರಿಗೆ ಲೋಹಿಯಾರ ಭಾಷಾನೀತಿ ನುಂಗಲೂ ಆಗದ ಉಗುಳಲೂ ಆಗದ ತುತ್ತಾಗಿತ್ತು. ಅವರ ಸಿಟ್ಟು ಇಂಗ್ಲಿಷಿನ ಮೇಲೆ. ‘ಅಂಗ್ರೇಜಿ ಹಟಾವೋ’ ಎಂದರು. ಸಾಮಾನ್ಯ ಜನರಿಗೆ ಗೊತ್ತಿಲ್ಲದ ಭಾಷೆಯಲ್ಲಿ ಆಳುವುದೇ ಮೋಸ ಎಂಬುದು ಅವರ ವಾದ. ಆ ವಾದ ಸರಿ. ಆದರೆ ಇಂಗ್ಲಿಷ್ ಹೋದರೆ ಆ ಜಾಗಕ್ಕೆ ಬರುವುದು ಯಾವುದು? ದಕ್ಷಿಣದವರ ಕಿವಿಗೆ ಅದು ಹಿಂದಿ ಎಂದೇ ಕೇಳಿಸುತ್ತಿತ್ತು. ಇಂಗ್ಲಿಷಿಗೆ ಸಂವಿಧಾನ ಕೊಟ್ಟ 15 ವರ್ಷದ ಗಡುವು 1965ರ ಜನವರಿ 26ಕ್ಕೆ ಮುಗಿದಾಗ ಮದ್ರಾಸ್ ರಾಜ್ಯ ಹೊತ್ತಿ ಉರಿಯಿತು. 1967ರ ಚುನಾವಣೆಯಲ್ಲಿ ಡಿಎಂಕೆ ಅಲ್ಲಿ ಅಧಿಕಾರಕ್ಕೆ ಬಂತು. ಲೋಕಸಭೆಯಲ್ಲಿ ಕಾಂಗ್ರೆಸ್ 283 ಸ್ಥಾನಕ್ಕೆ ಇಳಿಯಿತು. ಆ ವರ್ಷದ ಡಿಸೆಂಬರಿನಲ್ಲಿ ಅಧಿಕೃತ ಭಾಷಾ ಕಾಯ್ದೆಗೆ ತಿದ್ದುಪಡಿ ಆಗಿ ಇಂಗ್ಲಿಷ್ ಮುಂದುವರಿಯುವುದು ಗಟ್ಟಿಯಾಯಿತು.

ಇಂಥ ಬಿಸಿಯಲ್ಲಿ ಪಟೇಲರು ಸದನಕ್ಕೆ ಕಾಲಿಟ್ಟಿದ್ದು. ಆಗ ಅವರಿಗೆ 36 ವರ್ಷ. ಹಿಂದಿಯ ಪರವೋ ಇಂಗ್ಲಿಷಿನ ಪರವೋ ಎಂದು ಇಡೀ ಸದನ ಎರಡಾಗಿ ನಿಂತಿದ್ದಾಗ ಅವರು ಕನ್ನಡ ಆಡಿದರು. ಲೋಹಿಯಾರ ವಾದವನ್ನು ಕನ್ನಡದ ನೆಲದಿಂದ ನೋಡಿದರೆ ಸಿಗುವ ಉತ್ತರ ಇದೇ ಅಲ್ವಾ? ಜನರ ಭಾಷೆಯಲ್ಲಿ ಆಳಬೇಕು ಎಂದಾದರೆ ಶಿವಮೊಗ್ಗದ ಜನರ ಭಾಷೆ ಕನ್ನಡ. ಹಿಂದಿಯನ್ನು ಬೈಯಬೇಕಿಲ್ಲ, ಇಂಗ್ಲಿಷಿಗೆ ಜೋತು ಬೀಳಬೇಕಿಲ್ಲ.

ಅವತ್ತು ಸ್ಪೀಕರ್ ಪೀಠದಲ್ಲಿದ್ದವರು ನೀಲಂ ಸಂಜೀವ ರೆಡ್ಡಿ. ಅವರು ಅವಕಾಶ ಕೊಟ್ಟರು. ರೆಡ್ಡಿಯವರೂ ಹಳ್ಳಿಯಲ್ಲಿ ಹುಟ್ಟಿದವರು. ಅನಂತಪುರ ಜಿಲ್ಲೆಯ ಇಲ್ಲೂರು ಅವರ ಊರು. ಅನಂತಪುರಕ್ಕೂ ಕನ್ನಡ ನಾಡಿಗೂ ಗಡಿ ಒಂದೇ. ಕನ್ನಡ ಆ ಕಡೆಯ ಕಿವಿಗಳಿಗೆ ಅಪರಿಚಿತ ಭಾಷೆ ಅಲ್ಲ. ಪೀಠದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಏನಾಗುತ್ತಿತ್ತೋ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಅನುಮತಿ ಕೊಡುವುದು ಬಿಡುವುದು ಪೂರ್ತಿ ಪೀಠದ ಕೈಯಲ್ಲಿತ್ತು. ಅದೇ ವರ್ಷ ಅಕ್ಟೋಬರ್ 12ಕ್ಕೆ ಲೋಹಿಯಾ ತೀರಿಕೊಂಡರು. ಪಟೇಲರು ನಾಯಕನಿಲ್ಲದ ಬೆಂಚಿನಲ್ಲಿ ಉಳಿದ ವರ್ಷಗಳನ್ನು ಕಳೆದರು.

ಒಬ್ಬ ಸದಸ್ಯ ಕನ್ನಡ ಆಡಿದರೆ ಉಳಿದವರಿಗೆ ತಿಳಿಯುವುದು ಹೇಗೆ? ಪ್ರಶ್ನೆ ಸಾಮಾನ್ಯದ್ದು, ಆದರೆ ವಿಷಯ ಇರುವುದೇ ಇಲ್ಲಿ. ಲೋಕಸಭೆಯಲ್ಲಿ ಮಾತು ನಡೆಯುತ್ತಿರುವಾಗಲೇ ಭಾಷಾಂತರಿಸುವ ವ್ಯವಸ್ಥೆ 1964ರಲ್ಲಿ ಬಂದಿತ್ತು. ಅದು ಹಿಂದಿ ಮತ್ತು ಇಂಗ್ಲಿಷ್ ನಡುವೆ ಮಾತ್ರ. ಗಾಜಿನ ಕೋಣೆಯಲ್ಲಿ ಕೂತ ಭಾಷಾಂತರಕಾರರು ಕೇಳುತ್ತಾ ಕೇಳುತ್ತಾ ಹೇಳುತ್ತಾ ಹೋಗುತ್ತಾರೆ. ಸದಸ್ಯರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಮಗೆ ಬೇಕಾದ ಭಾಷೆ ಆರಿಸಿಕೊಳ್ಳುತ್ತಾರೆ. ಕನ್ನಡ ಮತ್ತು ಇತರ ಭಾಷೆಗಳಿಗೆ ಇಂಥ ವ್ಯವಸ್ಥೆ ಆಮೇಲೆ ಒಂದೊಂದಾಗಿ ಬಂತು. ಅದೂ ಬಹುಕಾಲ ಒಂದೇ ದಿಕ್ಕಿನ ದಾರಿ. ಕನ್ನಡ ಆಡಿದರೆ ಅದು ಹಿಂದಿ, ಇಂಗ್ಲಿಷಿಗೆ ಹೋಗುತ್ತಿತ್ತು. ಬೇರೆಯವರು ಆಡಿದ್ದು ಕನ್ನಡಕ್ಕೆ ಬರುತ್ತಿರಲಿಲ್ಲ. ಕನ್ನಡ ಮಾತ್ರ ಬಲ್ಲ ಸಂಸದ ಹೇಳಬಲ್ಲ, ಕೇಳಿಸಿಕೊಳ್ಳಲಾರ.

ಇನ್ನೊಂದು ಷರತ್ತೂ ಇತ್ತು. ಕನ್ನಡದಲ್ಲಿ ಮಾತಾಡಬೇಕೆಂದರೆ ಅರ್ಧ ಗಂಟೆ ಮುಂಚೆ ತಿಳಿಸಬೇಕು. ಭಾಷಾಂತರಕಾರ ಬಂದು ಕೂರಬೇಕಲ್ಲ. ಕೇಳಲು ಇದು ಸಣ್ಣ ನಿಯಮ. ಆದರೆ ಸದನದ ಮಾತು ಹೇಗೆ ನಡೆಯುತ್ತದೆ ನೋಡಿ. ಮಂತ್ರಿ ಏನೋ ಹೇಳುತ್ತಾರೆ, ಇವನಿಗೆ ರೇಗುತ್ತದೆ, ತಟ್ಟನೆ ಎದ್ದು ನಿಲ್ಲುತ್ತಾನೆ. ಆ ಮಾತಿಗೆ ಅರ್ಧ ಗಂಟೆ ಮುಂಚೆ ಚೀಟಿ ಕೊಡಲು ಆಗುತ್ತದಾ? ಸಿದ್ಧ ಮಾಡಿಕೊಂಡು ಬಂದ ಭಾಷಣಕ್ಕೆ ಕನ್ನಡದಲ್ಲಿ ದಾರಿ ಇದೆ. ಜಗಳಕ್ಕೆ ಇಲ್ಲ. ಸಂಸದನ ನಿಜವಾದ ತಾಕತ್ತು ಕಾಣುವುದು ಜಗಳದಲ್ಲೇ.

ಪಟೇಲರ ಹಾಸ್ಯ ಇಡೀ ರಾಜ್ಯಕ್ಕೆ ಗೊತ್ತು. ವಿಧಾನಸಭೆಯಲ್ಲಿ ಅವರು ಎದ್ದರೆ ವಿರೋಧ ಪಕ್ಷದವರೂ ನಗಲು ಸಿದ್ಧರಾಗುತ್ತಿದ್ದರು. ಒಂದೇ ಮಾತಲ್ಲಿ ಎದುರಾಳಿಯ ಸಿಟ್ಟನ್ನು ಇಳಿಸಿಬಿಡುತ್ತಿದ್ದರು. ಅಂಥ ಮಾತು ಇನ್ನೊಂದು ಭಾಷೆಗೆ ಹೋಗಿ ಉಳಿದವರನ್ನು ಮುಟ್ಟುವಷ್ಟರಲ್ಲಿ ನಗು ಆರಿ ಹೋಗಿರುತ್ತದೆ. ಹೀಗಿದ್ದೂ ಅವರು ಕನ್ನಡವನ್ನೇ ಆರಿಸಿಕೊಂಡರು. ತನ್ನ ಬಲವಾದ ಆಯುಧ ಅರ್ಧ ಮೊಂಡಾಗುತ್ತದೆ ಎಂದು ಗೊತ್ತಿದ್ದೂ.

ಇದಕ್ಕಿಂತ ದೊಡ್ಡ ಗೋಡೆ ಕಾಗದದ್ದು. ಮಸೂದೆ, ಬಜೆಟ್ ಪುಸ್ತಕ, ಸಮಿತಿಗಳ ವರದಿ, ಮಂತ್ರಿಗಳ ಉತ್ತರ, ಎಲ್ಲವೂ ಬರುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಸಂಸದನ ನಿಜವಾದ ಕೆಲಸ ಈ ಕಾಗದಗಳಲ್ಲಿದೆ. ಯಾವ ಸಾಲಿನಲ್ಲಿ ರೈತನಿಗೆ ಪೆಟ್ಟು ಬೀಳುತ್ತದೆ ಎಂದು ಓದಿ ಹಿಡಿಯಬೇಕು. ಪಟೇಲರಿಗೆ ಕಾನೂನಿನ ಓದು ಇತ್ತು, ಹಾಗಾಗಿ ಓದಿಕೊಂಡರು. ಊರ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಹೊಲ ಗೇಯ್ದು, ಪಂಚಾಯಿತಿಯಿಂದ ಮೇಲೆ ಬಂದ ಒಬ್ಬ ಹೆಣ್ಣುಮಗಳು ನಾಳೆ ಸಂಸದೆಯಾದರೆ ಬೇರೆಯವರು ಓದಿ ಹೇಳಬೇಕು. ಬಾಯಿಗೆ 1967ರಲ್ಲಿ ದಾರಿ ಸಿಕ್ಕಿತು. ಕಣ್ಣಿಗೆ ಇನ್ನೂ ಸಿಕ್ಕಿಲ್ಲ.

1971ರಲ್ಲಿ ಇಂದಿರಾ ಗಾಂಧಿಯವರ ಅಲೆ ಬಂತು. ಮೈಸೂರು ರಾಜ್ಯದ 27ಕ್ಕೆ 27 ಸ್ಥಾನವೂ ಅವರ ಕಾಂಗ್ರೆಸ್ ಪಾಲಾಯಿತು. ಶಿವಮೊಗ್ಗದಲ್ಲಿ ಪಟೇಲರು ಸೋತರು. ಸಂಸದರಾಗಿ ಅವರ ಬದುಕು ನಾಲ್ಕೇ ವರ್ಷ. ಮತ್ತೆ ಲೋಕಸಭೆಗೆ ಹೋಗಲಿಲ್ಲ. 1978ರಲ್ಲಿ ಚನ್ನಗಿರಿಯಿಂದ ವಿಧಾನಸಭೆಗೆ ಬಂದರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದ ಮೇಲೆ ಮಂತ್ರಿಯಾದರು. ಅವರು ಸಂಸದರಾಗಿದ್ದಾಗ ಮೈಸೂರು ಎಂದಿದ್ದ ರಾಜ್ಯ ಅಷ್ಟರಲ್ಲಿ, 1973ರ ನವೆಂಬರ್ 1ರಂದು, ಕರ್ನಾಟಕ ಆಗಿತ್ತು. ಗೋಪಾಲಗೌಡರು ಅದನ್ನು ನೋಡಲಿಲ್ಲ. ಒಂದು ವರ್ಷ ಮುಂಚೆ, 1972ರಲ್ಲಿ ತೀರಿಹೋಗಿದ್ದರು. ಕಾಗೋಡಿನ ಕೂಗು ಕಾಯ್ದೆಯಾಗಿದ್ದು 1974ರಲ್ಲಿ, ದೇವರಾಜ ಅರಸರ ಭೂಸುಧಾರಣೆಯಲ್ಲಿ.

ಪಟೇಲರು ಬಿಟ್ಟು ಬಂದ ಮೇಲೆ ಸಂಸದ ಎಂಬ ಕೆಲಸವೇ ಬೇರೆಯಾಗುತ್ತಾ ಹೋಯಿತು. ಎರಡು ಬದಲಾವಣೆ ಮುಖ್ಯ. 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂತು. ದುಡ್ಡಿಗೆ, ಪದವಿಗೆ ಪಕ್ಷ ಬದಲಿಸುವುದನ್ನು ತಡೆಯಲು ಬಂದ ಕಾಯ್ದೆ ಅದು. ಉದ್ದೇಶ ಒಳ್ಳೆಯದೇ. ಆದರೆ ಪಕ್ಷದ ಅಪ್ಪಣೆಯನ್ನು, ಅಂದರೆ ವಿಪ್ ಅನ್ನು, ಮೀರಿ ಮತ ಹಾಕಿದರೆ ಸ್ಥಾನವೇ ಹೋಗುತ್ತದೆ. ನನ್ನ ಕ್ಷೇತ್ರದ ರೈತರಿಗೆ ಇದರಿಂದ ತೊಂದರೆ ಎಂದು ಮಾತಾಡಬಹುದು. ಆದರೆ ಮತದ ಹೊತ್ತಿಗೆ ಪಕ್ಷ ಹೇಳಿದ ಗುಂಡಿಯನ್ನೇ ಒತ್ತಬೇಕು. ಮಾತಿಗೂ ಮತಕ್ಕೂ ನಂಟು ಕಡಿದು ಹೋದರೆ ಮಾತಿನ ಬೆಲೆ ಇಳಿಯುತ್ತದೆ.

ಎರಡನೆಯದು ಸಂಸದರ ನಿಧಿ. 1993ರ ಡಿಸೆಂಬರ್ 23ರಂದು ಪ್ರಧಾನಿ ಪಿ.ವಿ. ನರಸಿಂಹ ರಾವ್ ಇದನ್ನು ಘೋಷಿಸಿದರು. ಮೊದಲ ವರ್ಷ ತಲಾ 5 ಲಕ್ಷ. ಮರುವರ್ಷ 1 ಕೋಟಿ. 1998–99ರಲ್ಲಿ 2 ಕೋಟಿ. 2011–12ರಿಂದ 5 ಕೋಟಿ. ಹಣ ಸಂಸದರ ಕೈಗೆ ಬರುವುದಿಲ್ಲ. ಅವರು ಕೆಲಸ ಸೂಚಿಸಬೇಕು, ಜಿಲ್ಲಾಡಳಿತ ಮಾಡಿಸಬೇಕು. ಕೋವಿಡ್ ಬಂದಾಗ 2020ರ ಏಪ್ರಿಲಿನಲ್ಲಿ ನಿಂತಿದ್ದ ಈ ಯೋಜನೆ 2021ರ ನವೆಂಬರಿನಲ್ಲಿ ಮತ್ತೆ ಶುರುವಾಯಿತು.

ಈ ನಿಧಿಯಿಂದ ಒಳ್ಳೆಯದಾಗಿದೆ. ಕುಡಿಯುವ ನೀರಿನ ಘಟಕ, ಶಾಲೆಯ ಕೋಣೆ, ಸಮುದಾಯ ಭವನ ಬಂದಿವೆ. ಇಲ್ಲ ಅನ್ನುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಕರ್ನಾಟಕದಲ್ಲಿ 224 ವಿಧಾನಸಭಾ ಕ್ಷೇತ್ರ, 28 ಲೋಕಸಭಾ ಕ್ಷೇತ್ರ. ಒಬ್ಬ ಸಂಸದನ ಕೆಳಗೆ 8 ವಿಧಾನಸಭಾ ಕ್ಷೇತ್ರ ಬರುತ್ತವೆ. 5 ಕೋಟಿ ಹಂಚಿದರೆ ಒಂದೊಂದಕ್ಕೆ ವರ್ಷಕ್ಕೆ ಅರುವತ್ತೆರಡೂವರೆ ಲಕ್ಷ. ಅದರಲ್ಲಿ ಎಷ್ಟು ಹಳ್ಳಿ! ಯಾವ ಊರಿಗೂ ಸಾಲುವುದಿಲ್ಲ. ಆದರೆ ಎಲ್ಲ ಊರಿನವರೂ ಕೇಳುತ್ತಾರೆ. ನಮ್ಮೂರ ದೇವಸ್ಥಾನದ ಮುಂದೆ ಹೈಮಾಸ್ಟ್ ದೀಪ ಹಾಕಿಸಿ, ಬಸ್ ನಿಲ್ದಾಣ ಮಾಡಿಸಿ. ಮೊದಲು ‘ದಿಲ್ಲಿಯಲ್ಲಿ ಏನು ಮಾತಾಡಿದ್ರಿ’ ಎಂದು ಕೇಳುತ್ತಿದ್ದ ಜನ ‘ಎಷ್ಟು ತಂದ್ರಿ’ ಎಂದು ಕೇಳತೊಡಗಿದರು. ಪಂಚಾಯಿತಿ ಮಾಡಬೇಕಾದ ಕೆಲಸಕ್ಕೆ ಸಂಸದನ ಮನೆ ಮುಂದೆ ನಿಲ್ಲುವ ಅಭ್ಯಾಸ ಬಂತು. ಇದರಲ್ಲಿ ಜನರ ತಪ್ಪು ಕಾಣುವುದಿಲ್ಲ. ಕಣ್ಣಿಗೆ ಕಾಣುವ ದೀಪ ಒಂದು ಕಡೆ. ಯಾವ ಊರಿಗೂ ಕೇಳಿಸದ, ಇನ್ನೊಂದು ಭಾಷೆಯಲ್ಲಿ ಅಚ್ಚಾಗುವ ಭಾಷಣ ಇನ್ನೊಂದು ಕಡೆ. ಯಾರಾದರೂ ದೀಪವನ್ನೇ ಕೇಳುತ್ತಾರೆ.

1996ರಲ್ಲಿ ಒಂದು ಅಪರೂಪದ ಸಂಗತಿ ನಡೆಯಿತು. ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಜೂನ್ 1ರಂದು ಪ್ರಧಾನಿಯಾದರು. ಅದರ ಹಿಂದಿನ ದಿನ, ಮೇ 31ರಂದು, ಕಾರಿಗನೂರಿನ ಪಟೇಲರು ಅವರ ಜಾಗದಲ್ಲಿ ಮುಖ್ಯಮಂತ್ರಿಯಾದರು. ಎರಡು ದಿನದಲ್ಲಿ ಕನ್ನಡದ ಎರಡು ಹಳ್ಳಿಗಳಿಂದ ಇಬ್ಬರು ಎರಡು ದೊಡ್ಡ ಕುರ್ಚಿಗೆ ಬಂದರು. ಆ ವರ್ಷದ ಆಗಸ್ಟ್ 15ಕ್ಕೆ ದೇವೇಗೌಡರು ಕೆಂಪುಕೋಟೆಯ ಮೇಲೆ ನಿಂತು ಹಿಂದಿಯಲ್ಲಿ ಭಾಷಣ ಮಾಡಿದರು. ಹಿಂದಿ ಅವರಿಗೆ ಬಾರದ ಭಾಷೆ. ಶ್ರಮಪಟ್ಟು ಓದಿದರು. ದೇಶಕ್ಕೆ ಗೌರವ ತೋರಿಸಲು ಮಾಡಿದ ಶ್ರಮ ಅದು, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೂ 29 ವರ್ಷದ ಹಿಂದೆ ಇನ್ನೊಬ್ಬ ಹಳ್ಳಿಯವರು ಅದೇ ದಿಲ್ಲಿಯಲ್ಲಿ ಮಾಡಿದ್ದನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ. ಸಂಸದನಿಗೆ ಸಿಕ್ಕ ಅವಕಾಶ ಪ್ರಧಾನಿಗೆ ಸಿಗಲಿಲ್ಲ.

ಪಟೇಲರು 1999ರ ಅಕ್ಟೋಬರ್‌ವರೆಗೆ ಮುಖ್ಯಮಂತ್ರಿಯಾಗಿದ್ದರು. ಅವರ ಕಾಲದಲ್ಲಿ, 1997ರಲ್ಲಿ, 7 ಹೊಸ ಜಿಲ್ಲೆ ಬಂದವು: ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ಚಾಮರಾಜನಗರ, ದಾವಣಗೆರೆ. ಅವರ ಸ್ವಂತ ಚನ್ನಗಿರಿ ತಾಲೂಕೇ ಶಿವಮೊಗ್ಗದಿಂದ ದಾವಣಗೆರೆಗೆ ಹೋಯಿತು. ಜಿಲ್ಲಾಕಚೇರಿ ಹತ್ತಿರ ಬರುವುದು ಹಳ್ಳಿಯವನಿಗೆ ಎಷ್ಟು ದೊಡ್ಡ ಉಪಕಾರ ಎಂದು ಒಂದು ಪಹಣಿಗಾಗಿ ಎರಡು ಬಸ್ ಬದಲಿಸಿದವರಿಗೆ ಗೊತ್ತು. ಆಳುವವರನ್ನು ಜನರ ಹತ್ತಿರ ತರಬೇಕು ಎಂಬ ಹಂಬಲ ದಿಲ್ಲಿಯಲ್ಲಿ ಭಾಷೆಯಾಗಿ ಬಂದಿತ್ತು. ಇಲ್ಲಿ ಕಚೇರಿಯಾಗಿ ಬಂತು. ನಾನು ಇವೆರಡನ್ನೂ ಒಂದೇ ಎಳೆಯಲ್ಲಿ ನೋಡುತ್ತೇನೆ. 2000ದ ಡಿಸೆಂಬರ್ 12ರಂದು ಪಟೇಲರು ಬೆಂಗಳೂರಿನಲ್ಲಿ ತೀರಿಕೊಂಡರು. 70 ವರ್ಷ ವಯಸ್ಸಾಗಿತ್ತು.

ಆಮೇಲೆ ದಾರಿ ಅಗಲವಾಗಿದೆ. ರಾಜ್ಯಸಭೆಯಲ್ಲಿ 2018ರ ಜುಲೈನಲ್ಲಿ ಡೋಗ್ರಿ, ಕಾಶ್ಮೀರಿ, ಕೊಂಕಣಿ, ಸಂತಾಲಿ, ಸಿಂಧಿ ಸೇರಿಸಿ ಪಟ್ಟಿಯ 22 ಭಾಷೆಗೂ ಭಾಷಾಂತರದ ವ್ಯವಸ್ಥೆ ಮಾಡಿದರು. ಲೋಕಸಭೆಯಲ್ಲಿ ಕನ್ನಡವೂ ಸೇರಿ ಆಗಲೇ ಇದ್ದ ಭಾಷೆಗಳ ಜೊತೆಗೆ 2025ರ ಫೆಬ್ರವರಿಯಲ್ಲಿ ಇನ್ನೂ 6 ಭಾಷೆ ಬಂದವು. ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಳ್ಳುವುದು ಈಗ ನಮ್ಮ ಸಂಸದರಿಗೆ ಹೊಸದಲ್ಲ. 2006ರಲ್ಲಿ ಲೋಕಸಭೆಗೆ ತನ್ನದೇ ಟಿವಿ ಬಂತು. 2021ರಲ್ಲಿ ಅದು ಸಂಸದ್ ಟಿವಿಯಲ್ಲಿ ಸೇರಿತು. ಈಗ ಮೊಬೈಲಿನಲ್ಲೇ ನೋಡಬಹುದು. ಇದು ಪಟೇಲರ ಕಾಲಕ್ಕೆ ಇಲ್ಲದ ದೊಡ್ಡ ಸವಲತ್ತು. ಅವತ್ತು ಕನ್ನಡ ಆಡಿದರೂ ಅದು ಊರಿನ ಕಿವಿಗೆ ಬೀಳುತ್ತಿರಲಿಲ್ಲ. ಇವತ್ತು ದಿಲ್ಲಿಯಲ್ಲಿ ಆಡಿದ ಒಂದು ನಿಮಿಷದ ಕನ್ನಡ ಸಂಜೆಯೊಳಗೆ ಹೊಲದ ಬದುವಿನಲ್ಲಿ ಕೇಳಿಸುತ್ತದೆ.

ಹೀಗಿದ್ದೂ ನಮ್ಮ ಸಂಸದರಲ್ಲಿ ಕನ್ನಡದಲ್ಲೇ ಪೂರ್ತಿ ಚರ್ಚೆ ಮಾಡುವವರು ಕಡಿಮೆ. 2022ರ ಮೇ ತಿಂಗಳಲ್ಲಿ ಶಿರಾ ತಾಲೂಕಿನ ದ್ವಾರಾಳು ಮೂಲದ ಚಂದ್ರ ಆರ್ಯ ಕೆನಡಾದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದಾಗ ನಾವೆಲ್ಲ ಖುಷಿಯಿಂದ ಆ ವಿಡಿಯೋ ಹಂಚಿಕೊಂಡೆವು. ಖುಷಿ ಪಡಬೇಕಾದದ್ದೇ. ಅದೇ ಖುಷಿಯಿಂದ, ಮುಳುಗಡೆಯ ರೈತರ ಬಗ್ಗೆಯೋ ಅಡಿಕೆ ಧಾರಣೆಯ ಬಗ್ಗೆಯೋ ನಮ್ಮ ಲೋಕಸಭೆಯಲ್ಲಿ ಕನ್ನಡದಲ್ಲಿ ಎದ್ದ ಪ್ರಶ್ನೆಯ ವಿಡಿಯೋ ಹಂಚಿಕೊಂಡ ನೆನಪು ನನಗೆ ಜಾಸ್ತಿ ಇಲ್ಲ.

ಪಟೇಲರು ಇದ್ದ ನಾಲ್ಕನೇ ಲೋಕಸಭೆಯ ಚರ್ಚೆಗಳು ಈಗ ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿವೆ. ಯಾರು ಬೇಕಾದರೂ ತೆರೆದು ಓದಬಹುದು. ಅವನ್ನು ಕನ್ನಡಕ್ಕೆ ತರುವ ಕೆಲಸವನ್ನು ನಮ್ಮ ಯಾವುದಾದರೂ ವಿಶ್ವವಿದ್ಯಾಲಯ ಅಥವಾ ಅಕಾಡೆಮಿ ಕೈಗೆತ್ತಿಕೊಂಡರೆ ಒಳ್ಳೆಯದು. ಆಗ ಒಂದು ವಿಚಿತ್ರವಾದ ಕೆಲಸವನ್ನೂ ಅವರು ಮಾಡಬೇಕಾಗುತ್ತದೆ. ಕನ್ನಡದಲ್ಲೇ ಹುಟ್ಟಿದ ಮಾತನ್ನು ಇಂಗ್ಲಿಷಿನಿಂದ ಮತ್ತೆ ಕನ್ನಡಕ್ಕೆ ಅನುವಾದ ಮಾಡಬೇಕು. ಅದಕ್ಕೆ ಕೂರುವವರಿಗೆ ಇಂಗ್ಲಿಷ್ ಬಂದರೆ ಸಾಲದು. ಚನ್ನಗಿರಿ ಕಡೆಯ ಮಾತು ಗೊತ್ತಿರಬೇಕು. ಪಟೇಲರ ಭಾಷಣ ಕಿವಿಯಾರೆ ಕೇಳಿದ ಹಿರಿಯರು ಆ ಊರುಗಳಲ್ಲಿ ಇನ್ನೂ ಇದ್ದಾರೆ.